ಹೆಪ್ಪಿನ ಫೋಲ್ಡರು

ನನ್ನ ತಂಗಿಯ ಹೊಲಕ್ಕೆ ಗಿಳಿಗಳ ಕಾಟ. ಪಿರಿಯಾಪಟ್ಟಣದ ಹತ್ತಿರ ಅವಳ ಗಂಡ ಹೊಗೆಸೊಪ್ಪಿನ ಪಕ್ಕದಲ್ಲಿ ಒಂದಿಷ್ಟು ಮುಸುಕಿನ ಜೋಳ ಹಾಕುತ್ತಾನೆ. ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಗಿಳಿಗಳಿಗೂ ಸುದ್ದಿ ಮುಟ್ಟುತ್ತದೆ. ಹಳೆಯ ಸೀಡಿಗಳನ್ನು ದಾರಕ್ಕೆ ಪೋಣಿಸಿ ಹೊಲದ ಸುತ್ತ ಕಟ್ಟಿದರೆ ಬಿಸಿಲಿಗೆ ಫಳಫಳ ಹೊಳೆದು ಹಕ್ಕಿಗಳು ಹೆದರುತ್ತವೆ ಎಂದು ಯಾರೋ ಅವಳಿಗೆ ಹೇಳಿದ್ದಾರೆ. ಅಂದಿನಿಂದ ಹುಣಸೂರಿನ ನನ್ನ ಮನೆಗೆ ಬಂದಾಗಲೆಲ್ಲ ಅವಳ ಕಣ್ಣು ನನ್ನ ಬೀರುವಿನ ಮೇಲೆ. ಆ ಬೀರುವಿನಲ್ಲಿ ಸೀರೆಗಿಂತ ಸೀಡಿಗಳೇ ಹೆಚ್ಚು.

"ಅಷ್ಟೊಂದು ಸೀಡಿ ಮಡಿಕ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಕ್ಕ? ಒಂದು ಚೀಲ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?"

"ಗಿಳಿ ತಿಂದ್ರೆ ತಿನ್ಲಿ ಬುಡು. ಇವನ್ನ ಮುಟ್ಟಬೇಡ."

ಅವಳು ಮೂತಿ ತಿರುವುತ್ತಾಳೆ. ಎರಡು ಜೋಳದ ತೆನೆ ಕಡಿಮೆ ಕೊಟ್ಟು ಸೇಡು ತೀರಿಸಿಕೊಳ್ಳುತ್ತಾಳೆ. ನಾನು ಜಿಪುಣಿ ಎಂದು ಅವಳ ಗಂಡನ ಮನೆಯ ಕಡೆಯಲ್ಲೆಲ್ಲ ಹೆಸರಾಗಿದೆ. ಆಗಲಿ. ಆ ಬೀರುವಿನಲ್ಲಿ ಏನಿದೆ ಎಂದು ಅವಳಿಗೆ ಹೇಳಲು ಒಂದೆರಡು ಸಲ ಹೊರಟೆ, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ನೀವು ಪುರುಸೊತ್ತಾಗಿ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ನಮ್ಮಪ್ಪನದು ಹುಣಸೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಫೋಟೊ ಸ್ಟುಡಿಯೊ. ಮುಂದೆ ಕನ್ನಡಿ, ಬಾಚಣಿಗೆ, ಪೌಡರು, ನಡುವೆ ಪರದೆ, ಹಿಂದೆ ಕೆಂಪು ಬಲ್ಬಿನ ಕತ್ತಲೆಕೋಣೆ. ನಾವು ಮೂವರು ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲೇ ಬೆಳೆದೆವು. ಆಡುವುದಕ್ಕೆ ಬೇರೇನೂ ಇಲ್ಲದೆ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಅವುಗಳಲ್ಲಿ ಊರಿನವರೆಲ್ಲ ಕಪ್ಪು ಹಲ್ಲು, ಬಿಳಿ ಕೂದಲಿನವರಾಗಿ ಕಾಣುತ್ತಿದ್ದರು. ನಮ್ಮ ಗಣಿತದ ಮೇಷ್ಟರ ನೆಗೆಟಿವ್ ನೋಡಿದ ಮೇಲೆ ಎಷ್ಟೋ ದಿನ ತರಗತಿಯಲ್ಲಿ ಅವರು ಬಾಯಿ ತೆರೆದರೆ ನನಗೆ ನಡುಕ. ಲೆಕ್ಕದಲ್ಲಿ ನಾನು ಹಿಂದೆ ಬಿದ್ದದ್ದಕ್ಕೆ ಇದೇ ಕಾರಣ ಎಂದು ಈಗಲೂ ವಾದ ಮಾಡುತ್ತೇನೆ, ಯಾರೂ ಒಪ್ಪುವುದಿಲ್ಲ.

ಅಪ್ಪ ಶಾಂತ ಮನುಷ್ಯ. ಆದರೆ ನೆಗೆಟಿವ್ ವಿಷಯಕ್ಕೆ ಬಂದರೆ ಕೈ ಎತ್ತುತ್ತಿದ್ದರು. ಒಮ್ಮೆ ತಮ್ಮ ರವಿ ಒಂದು ನೆಗೆಟಿವನ್ನು ಕತ್ತರಿಸಿ ಅಂಗಿಗೆ ಬಿಲ್ಲೆ ಮಾಡಿಕೊಂಡಿದ್ದ. ಅವನಿಗೆ ಎರಡು ಬಿಗಿದ ಮೇಲೆ ಅಪ್ಪನೇ ಕಣ್ಣಲ್ಲಿ ನೀರು ತಂದುಕೊಂಡು ನಮ್ಮನ್ನೆಲ್ಲ ಕೂರಿಸಿಕೊಂಡರು.

"ನಿಮ್ಮವ್ವ ದಿನಾ ಒಂದು ಚಮಚ ಮೊಸರು ಎತ್ತಿಡ್ತಾಳಲ್ಲ, ಹೆಪ್ಪಿಗೆ ಅಂತ? ನೆಗೆಟಿವೂ ಅಂಗೇ ಕಣ್ರಪ್ಪ. ಇದೊಂದಿದ್ರೆ ದೊಡ್ಡದು, ಚಿಕ್ಕದು ಎಷ್ಟು ಬೇಕಾರೂ ಮಾಡ್ಕೋಬೋದು. ಪ್ರಿಂಟು ಕತ್ತರಿಸ್ಕಳಿ, ನನ್ನ ಕೇಳ್ಬೇಡಿ. ಇದಕ್ಕೆ ಮಾತ್ರ ಕತ್ತರಿ ತೋರಿಸ್ಬೇಡಿ."

ಹೆಪ್ಪಿನ ವಿಷಯ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಮನೆಗೆ ನೆಂಟರು ಬಂದು ಮೊಸರೆಲ್ಲ ಖಾಲಿಯಾಗುವ ಲಕ್ಷಣ ಕಂಡರೆ ಅವ್ವ ಒಂದು ಬಟ್ಟಲಲ್ಲಿ ಸ್ವಲ್ಪ ತೆಗೆದು ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದಳು. ಆ ಬಟ್ಟಲಿಗೆ ಕೈ ಹಾಕಿದವರಿಗೆ ಉಳಿಗಾಲವಿರಲಿಲ್ಲ. ಅಪ್ಪನ ಬಟ್ಟಲು ಬಿಸ್ಕತ್ತಿನ ತಗಡಿನ ಡಬ್ಬಗಳು. ಅಟ್ಟದ ತುಂಬ ಅವೇ ಇದ್ದವು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಕ್ಕೆ ಸ್ಟುಡಿಯೊಗೆ ಡಿಜಿಟಲ್ ಕ್ಯಾಮೆರಾ ಬಂತು. ಹಿಂದೆಯೇ ಒಂದು ಕಂಪ್ಯೂಟರೂ ಬಂತು. ಅದನ್ನು ಕತ್ತಲೆಕೋಣೆಯಲ್ಲೇ ಇಟ್ಟು, ಕೆಂಪು ಬಲ್ಬ್ ತೆಗೆದು ಟ್ಯೂಬ್‌ಲೈಟ್ ಹಾಕಿದೆವು. ಅಪ್ಪ ಆ ಕೋಣೆಯ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರೇ ಹೊರತು ಒಳಗೆ ಬರುತ್ತಿರಲಿಲ್ಲ. ನಾನು ಊರಿನಲ್ಲೇ ಮದುವೆಯಾಗಿದ್ದರಿಂದ ಸ್ಟುಡಿಯೊ ಬಿಟ್ಟಿರಲಿಲ್ಲ. ರವಿ ಫೋಟೊ ತೆಗೆಯುವುದು, ನಾನು ಕಂಪ್ಯೂಟರಿನ ಮುಂದೆ ಕೂರುವುದು ಎಂದಾಯಿತು. ಬೈಲಕುಪ್ಪೆಯ ಟಿಬೆಟನ್ ಸನ್ಯಾಸಿಗಳು ಬಂದು ಫೋಟೊ ತೆಗೆಸಿಕೊಂಡು, ದೂರದ ನೆಂಟರಿಗೆ ಮೇಲ್ ಮಾಡಬೇಕು, ಚಿಕ್ಕದು ಮಾಡಿಕೊಡಿ ಎನ್ನುತ್ತಿದ್ದರು. ಚಿತ್ರವನ್ನು ಕುಗ್ಗಿಸುವ ಕೆಲಸ ನಾನು ಕಲಿತದ್ದು ಅವರಿಂದಾಗಿ. ಒಬ್ಬರ ಬದಲು ಇನ್ನೊಬ್ಬರ ಮುಖ ಕಳಿಸಿದ್ದೂ ಉಂಟು. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಆಗ ನಮಗೊಂದು ದೊಡ್ಡ ಕೆಲಸ ಬಂತು. ಪಕ್ಕದ ಕೋಟೆ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಗುರುತಿನ ಚೀಟಿಗೆ ಎಲ್ಲರ ಫೋಟೊ ತೆಗೆದುಕೊಡುವುದು. ಫೋಟೊ ಅಂಚೆ ಚೀಟಿಯಷ್ಟಿರಬೇಕು, ಮುಖ ನಡುವೆ ಇರಬೇಕು, ಎರಡೂ ಕಿವಿ ಕಾಣಬೇಕು, ಹಿಂದೆ ಬರೀ ಬಣ್ಣವಿರಬೇಕು. ನೂರಾರು ಫೋಟೊಗಳನ್ನು ಒಂದೊಂದಾಗಿ ಕತ್ತರಿಸಿ ಕುಗ್ಗಿಸುತ್ತ ಕೂತರೆ ವರ್ಷವಾಗುತ್ತದೆ ಎಂದು ರವಿ ಎಲ್ಲಿಂದಲೋ ಒಂದು ಪ್ರೋಗ್ರಾಮ್ ತಂದ. ಅದಕ್ಕೆ ಒಂದು ಫೋಲ್ಡರು ತೋರಿಸಿ ಗುಂಡಿ ಒತ್ತಿದರೆ ಸಾಕು, ಅಂಚನ್ನೆಲ್ಲ ಸವರಿ, ನಡುವಿನ ಮುಖ ಉಳಿಸಿ, ಅಷ್ಟನ್ನೂ ಒಟ್ಟಿಗೆ ಚಿಕ್ಕದು ಮಾಡುತ್ತದೆ. ಮೊದಲನೆಯ ಹಳ್ಳಿಯ ಫೋಟೊಗಳನ್ನು ಅದಕ್ಕೆ ಕೊಟ್ಟು ನಾವಿಬ್ಬರೂ ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಪ್ಪನನ್ನು ಕರೆದು ತೋರಿಸಿದೆವು. ಅವರು ಬಾಗಿಲಲ್ಲೇ ನಿಂತು ಒಂದು ಮುಖವನ್ನು ನೋಡಿದರು.

"ಚೆನ್ನಾಗದೆ. ಇದನ್ನೇ ಗೋಡೆಗೆ ಹಾಕೋ ಸೈಜಿಗೆ ಮಾಡು ನೋಡುವಾ."

ರವಿ ಹಿಗ್ಗಿಸಿದ. ಮುಖವೆಲ್ಲ ಚೌಕ ಚೌಕ ಚುಕ್ಕಿಯಾಗಿ ಒಡೆದುಹೋಯಿತು.

"ಇದರ ನೆಗೆಟಿವ್ ಎಲ್ಲಿ?" ಎಂದರು ಅಪ್ಪ.

ಇಬ್ಬರೂ ಹುಡುಕಿದೆವು. ಚಿಕ್ಕದಾದದ್ದನ್ನು ಎಲ್ಲಿಡಬೇಕು ಎಂದು ಆ ಪ್ರೋಗ್ರಾಮ್ ಕೇಳಿತ್ತಂತೆ, ಇದ್ದಲ್ಲೇ ಇಡು ಎಂದು ರವಿ ಒತ್ತಿದ್ದನಂತೆ. ದೊಡ್ಡದರ ಮೇಲೆಯೇ ಚಿಕ್ಕದು ಬಂದು ಕೂತಿತ್ತು. ಇಡೀ ಊರು ಅಂಚೆ ಚೀಟಿಯಾಗಿತ್ತು. ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿ ಎರಡನೆಯ ಹಳ್ಳಿಗೆ ತಯಾರು ಮಾಡಿಯೂ ಆಗಿತ್ತು. ಕೊಡಬೇಕಾದದ್ದು ಚಿಕ್ಕದು ತಾನೆ, ಕೊಟ್ಟಾಯಿತಲ್ಲ ಎಂದು ರವಿ ಗೊಣಗಿದ. ಅಪ್ಪ ಊಟಕ್ಕೆ ಬರಲಿಲ್ಲ. ಸಂಜೆ ಕರೆದು ನನಗೆ ಅಂದರು, "ಇನ್ಮೇಲೆ ಮೊದ್ಲು ಹೆಪ್ಪಿಗೆ ಎತ್ತಿಡವ್ವ, ಆಮೇಲೆ ಏನಾರ ಮಾಡ್ಕಳಿ. ಕೆಟ್ಟದ್ದು, ಅಳ್ಳಾಡಿದ್ದು, ಕಣ್ಣು ಮುಚ್ಚಿದ್ದು, ಎಲ್ಲಾನೂ ಇಡು."

ಅವತ್ತಿನಿಂದ ಯಾವ ಕೆಲಸ ಬಂದರೂ ನಾನು ಮೊದಲು ಮಾಡುತ್ತಿದ್ದದ್ದು ಒಂದು ಫೋಲ್ಡರು. ಅದರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 'ಹೆಪ್ಪು'. ಕ್ಯಾಮೆರಾದಿಂದ ಬಂದದ್ದೆಲ್ಲ ಹಾಗೆ ಹಾಗೇ ಅದರೊಳಗೆ. ಅದನ್ನೊಂದು ಸೀಡಿಗೆ ಇಳಿಸಿ, ಮೇಲೆ ಊರಿನ ಹೆಸರು ಬರೆದು, ಬೀರುವಿಗೆ ಹಾಕಿದ ಮೇಲೆಯೇ ಕತ್ತರಿಸುವ ಕುಗ್ಗಿಸುವ ಕೆಲಸ, ಅದೂ ಇನ್ನೊಂದು ಫೋಲ್ಡರಿನಲ್ಲಿ. ಹಾಳಾದ ಫೋಟೊಗಳನ್ನೂ ಸೀಡಿಗೆ ತುಂಬುವುದನ್ನು ಕಂಡು ರವಿ ತಲೆ ಚಚ್ಚಿಕೊಳ್ಳುತ್ತಿದ್ದ. ನನಗೂ ಅದರ ಪ್ರಯೋಜನ ತಿಳಿದಿರಲಿಲ್ಲ. ಅಪ್ಪ ಮತ್ತೆ ಊಟ ಬಿಟ್ಟಾರು ಎಂಬ ಭಯವಷ್ಟೇ.

ಎರಡು ವರ್ಷವಾದ ಮೇಲೆ ಅಪ್ಪ ತೀರಿಕೊಂಡರು. ಅದೇ ವರ್ಷದ ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಗೆ ಇನ್ನೇನು ಕೆಲವೇ ದಿನ ಇರುವಾಗ, ಒಬ್ಬ ಹೆಂಗಸು ಸ್ಟುಡಿಯೊಗೆ ಬಂದಳು. ನಮ್ಮ ಕಡೆ ಆ ಹೊತ್ತಿನಲ್ಲಿ ಸ್ಟುಡಿಯೊಗಳಿಗೆ ಬಿಡುವಿರುವುದಿಲ್ಲ. ತೀರಿಹೋದ ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ಹೊಸ ಬಟ್ಟೆ, ಅವರು ಇಷ್ಟಪಟ್ಟು ತಿನ್ನುತ್ತಿದ್ದ ಅಡುಗೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಎಲ್ಲವನ್ನೂ ಅವರ ಪಟದ ಮುಂದೆ ಇಡುತ್ತಾರೆ. ಹಾಗಾಗಿ ಮದುವೆಯ ಗುಂಪಿನಿಂದ ಒಂದು ಮುಖ ಬಿಡಿಸಿಕೊಡಿ, ತುಂಡಾದ ಪಟ ಕೂಡಿಸಿಕೊಡಿ ಎಂದು ಜನ ಬರುತ್ತಲೇ ಇರುತ್ತಾರೆ. ಪಕ್ಕದ ಮಳಿಗೆಯಲ್ಲಿ ಪಟಕ್ಕೆ ಕಟ್ಟು ಹಾಕುವ ಬಾಷಾ ಸಾಬರಿಗಂತೂ ಆ ಹದಿನೈದು ದಿನ ಗಾಜು ಕೊಯ್ದು ಕೊಯ್ದು ಕೈಯೆಲ್ಲ ಗಾಯ.

ಆ ಹೆಂಗಸಿನ ಕೈಯಲ್ಲಿ ಯಾವ ಫೋಟೊವೂ ಇರಲಿಲ್ಲ. ಹೆಸರು ಸಣ್ಣಮ್ಮ, ಸರಗೂರಿನ ಆಚೆಯ ಊರು ಎಂದಳು. ಸೆರಗಿನ ಗಂಟಿನಿಂದ ತನ್ನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಇದ ತಗದೋರು ನೀವೇ ಅಲ್ವಾ ಅಕ್ಕ? ನಮ್ಮೂರ್ ಸ್ಕೂಲ್ ತಾವ?"

ಹೌದೆಂದೆ.

"ನಮ್ಮೆಜಮಾನ್ರು ಅವತ್ತು ಬಟ್ಟೆ ಇಡ್ಕಂಡು ನಿಂತಿದ್ರು ಕಣಕ್ಕ. ಊರೋರ್ದೆಲ್ಲ ತಗದ್ರಿ. ಅವ್ರದೊಂದೇ ಉಳ್ಕಂಬುಡ್ತು."

ನನಗೆ ತಟ್ಟನೆ ನೆನಪಾಯಿತು. ಹೆಸರು ಬರೆದುಕೊಳ್ಳಲು ಅವತ್ತು ನಾನೂ ರವಿಯ ಜೊತೆ ಹೋಗಿದ್ದೆ. ಶಾಲೆಯ ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು, ಮೊಳೆ ಹೊಡೆಯಬೇಡಿ ಎಂದಿದ್ದರು ಹೆಡ್‌ಮಾಸ್ಟರು. ಹಿಂದಿನ ಪರದೆಗೆಂದು ಒಯ್ದಿದ್ದ ನಮ್ಮ ಮನೆಯ ನೀಲಿ ದುಪ್ಪಟಿಯನ್ನು ಇಬ್ಬರು ಎರಡು ಕಡೆ ಹಿಡಿದು ನಿಲ್ಲಬೇಕಾಯಿತು. ಒಂದು ಕಡೆ ಸಾಲಿನಲ್ಲಿ ಮುಂದೆ ಇರುವವರು ಹಿಡಿಯುವುದು, ಅವರ ಸರದಿ ಬಂದಾಗ ಅವರ ಹಿಂದಿನವರು ಹಿಡಿಯುವುದು. ಇನ್ನೊಂದು ಕಡೆ ಒಬ್ಬ ಎತ್ತರದ ಮನುಷ್ಯ ಬಂದು ಹಿಡಿದವನು ಬಿಡಲೇ ಇಲ್ಲ. ಅವನೇ ಸಣ್ಣಮ್ಮನ ಗಂಡ, ಜವರಯ್ಯ. ಕೈ ಸೋಲುವುದಿಲ್ಲವೇ ಎಂದು ರವಿ ಕೇಳಿದರೆ, "ನಾನ್ ಬುಟ್ರೆ ಈ ಗಿಡ್ಡಯ್ಯಗಳ್ ಕೈಲಿ ಆದದಾ ಬುಡಿ" ಎಂದು ಎಲ್ಲರನ್ನೂ ನಗಿಸಿದ್ದ. ಎಲ್ಲರದೂ ಮುಗಿದು ಅವನು ಸ್ಟೂಲಿನ ಮೇಲೆ ಕೂರುವ ಹೊತ್ತಿಗೆ ಕ್ಯಾಮೆರಾದ ಬ್ಯಾಟರಿ ಮುಗಿದಿತ್ತು. ಊರಲ್ಲಿ ಕರೆಂಟು ಇರಲಿಲ್ಲ. "ಬುಡಿ ಸಾ, ನಾಳೀಕೆ ನಿಮ್ ಪ್ಯಾಟೆಗೇ ಬಂದು ತಗಸ್ಕತೀನಿ" ಎಂದು ದುಪ್ಪಟಿಯನ್ನು ಅಚ್ಚುಕಟ್ಟಾಗಿ ಮಡಿಸಿ ಕೊಟ್ಟಿದ್ದ.

ಬರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕು ದಿನ ಮಲಗಿ ಹೋಗಿಬಿಟ್ಟನಂತೆ. ಅವರ ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ. ಹೊಲ, ದನ, ಮಕ್ಕಳು ಎಂದು ಓಡಾಡಿದವರಿಗೆ ಆಮೇಲೆ ಅದು ನೆನಪಾಗಿಯೂ ಇರಲಿಲ್ಲ.

"ಮೊದಲ್ನೇ ಎಡೆ ಕಣಕ್ಕ ಇದು," ಎಂದಳು. "ಅಂಗಿ ಪಂಚೆ ತಂದಿವ್ನಿ. ಬರೀ ಬಟ್ಟೆಗೇ ಎಡೆ ಇಕ್ಕದಾ ಅಂತ ಮನ್ಸು ತಡೀನಿಲ್ಲ. ಊರೋರ್ ಮನೆ ಮನೆಗೋಗಿ ಎಲ್ರ ಕಾರ್ಡೂ ಈಸ್ಕಂಡು ನೋಡ್ದೆ. ಯಾರ್ದಾರ ಪಕ್ದಲ್ಲಿ ಒಂಚೂರಾರ ಬಂದಿದ್ದಾರಾ ಅಂತ. ಒಂದ್ರಲ್ಲೂ ಇಲ್ಲ."

ಅಂಚೆಲ್ಲ ಸವರಿ ಕೊಟ್ಟಿದ್ದೆವು, ಹೇಗೆ ಇರುತ್ತಾನೆ? ಆಕೆ ಬಿಸಿಲಿನಲ್ಲಿ ಮನೆ ಮನೆಯ ಮುಂದೆ ನಿಂತು ಬೇರೆಯವರ ಮುಖಗಳ ಅಕ್ಕಪಕ್ಕದಲ್ಲಿ ಗಂಡನನ್ನು ಹುಡುಕಿದ್ದಳು. ದೊಡ್ಡ ಫೋಟೊಗಳಲ್ಲಿ ಅಂಚು ಇರುತ್ತದೆ. ಆದರೆ ಮೊದಲನೆಯ ಹಳ್ಳಿಯ ದೊಡ್ಡ ಫೋಟೊಗಳು ಹಾಳಾಗಿದ್ದವಲ್ಲ, ಆ ಹಳ್ಳಿ ಯಾವುದು? ರವಿಗೆ ಫೋನ್ ಮಾಡಿದೆ.

"ಸರಗೂರ್ ಕಡೇದೇ ಕಣಕ್ಕ ಮೊದ್ಲು ಮಾಡಿದ್ದು," ಎಂದ ಅವನು.

ಸಣ್ಣಮ್ಮನಿಗೆ ಏನನ್ನೂ ಹೇಳದೆ, ಕೂತಿರು ಎಂದು ಮನೆಗೆ ಓಡಿದೆ. ಬೀರುವಿನ ಬಾಗಿಲು ತೆಗೆದು ಸೀಡಿಗಳನ್ನೆಲ್ಲ ಮಂಚದ ಮೇಲೆ ಸುರಿದೆ. ಮದುವೆ, ನಾಮಕರಣ, ಶಾಲೆಯ ಗುಂಪು, ಅಂಗಡಿಯ ಪೂಜೆ, ಎಲ್ಲ ಬಂತು. ಅಪ್ಪ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಡಬ್ಬದಿಂದ ತೆಗೆದುಕೊಡುತ್ತಿದ್ದರು ಎಂದು ಅಳು ಬಂತು, ನನ್ನ ಮೇಲೆ ನನಗೇ ಸಿಟ್ಟೂ ಬಂತು. ಕೊನೆಗೆ ಆ ಊರಿನ ಹೆಸರು ಬರೆದ ಸೀಡಿ ಸಿಕ್ಕಿತು. ಸರಗೂರಿನ ಕಡೆಯದೇ, ಆದರೆ ಎರಡನೆಯ ಹಳ್ಳಿ. ಅದನ್ನು ಹಿಡಿದು ಸ್ಟುಡಿಯೊಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಒಳಗೆ ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. ಅಂತೂ ಹೆಪ್ಪಿನ ಫೋಲ್ಡರು ತೆರೆದುಕೊಂಡಿತು.

ಆ ಫೋಟೊಗಳನ್ನು ನಾನು ದೊಡ್ಡದಾಗಿ ನೋಡಿಯೇ ಇರಲಿಲ್ಲ. ಕಾರ್ಡುಗಳಲ್ಲಿ ಎಲ್ಲರೂ ಒಂದೇ ಥರ, ಪೊಲೀಸರ ಮುಂದೆ ಕೂತವರ ಹಾಗೆ. ಇಲ್ಲಿ ಅಂಚಿನಲ್ಲಿ ಊರಿತ್ತು. ದುಪ್ಪಟಿಯ ಮೂಲೆಯನ್ನು ಮೇಯಲು ಬಂದ ಮೇಕೆ, ಸ್ಟೂಲಿನ ಕೆಳಗೆ ತೂರಿದ ಕೋಳಿ, ನಗು ತಡೆಯಲಾಗದೆ ಬಾಯಿ ಮುಚ್ಚಿಕೊಂಡ ಹುಡುಗಿಯರು. ಪ್ರತಿಯೊಂದರಲ್ಲೂ ಎಡಗಡೆಯ ತುದಿಯಲ್ಲಿ ದುಪ್ಪಟಿ ಹಿಡಿದ ಒಂದು ಕೈ. ಸಣ್ಣಮ್ಮ ನನ್ನ ಕುರ್ಚಿಯ ಹಿಂದೆ ನಿಂತಿದ್ದಳು.

"ಅವ್ರ ಕೈಯೇ," ಎಂದಳು. "ಹೆಬ್ಬೆಟ್ಟಿನ ಉಗುರು ನೋಡಿ, ನೇಗ್ಲು ಬಿದ್ದು ಸೀಳಿತ್ತು."

ಮುಂದಿನದು ಕೈ. ಅದರ ಮುಂದಿನದೂ ಕೈ. ಕೆಲವದರಲ್ಲಿ ಮೊಣಕೈ, ಒಂದರಲ್ಲಿ ಅಂಗಿಯ ತೋಳು. ಮುಖ ಎಲ್ಲಿಯೂ ಇಲ್ಲ, ಪರದೆ ಹಿಡಿದವನು ಪಕ್ಕಕ್ಕೆ ಸರಿದು ನಿಲ್ಲಬೇಕೆಂದು ನಾವೇ ಹೇಳಿದ್ದೆವು. ಅವಳು ಒಂದೊಂದನ್ನೂ ನೋಡಿ "ಮುಂದುಕ್ಕೆ ಓಗಿ ಅಕ್ಕ" ಎನ್ನುತ್ತಿದ್ದಳು. ಧ್ವನಿ ಸಣ್ಣದಾಗುತ್ತ ಬಂತು. ಫೋಲ್ಡರು ಮುಗಿಯುತ್ತ ಬಂದಿತ್ತು.

ಆಗ ಅವಳ ಸರದಿಯೇ ಬಂತು. ಕಾರ್ಡಿನಲ್ಲಿರುವ ಫೋಟೊ ಅಲ್ಲ, ಅದಕ್ಕಿಂತ ಮುಂಚೆ ತೆಗೆದು ಕೆಟ್ಟುಹೋದದ್ದು. ಸಣ್ಣಮ್ಮ ತಲೆಯ ತುಂಬ ಸೆರಗು ಹೊದ್ದು ಕೂತಿದ್ದಾಳೆ, ಕಿವಿ ಕಾಣುತ್ತಿಲ್ಲ. ಕಿವಿ ಕಾಣಬೇಕು ಎಂದು ರವಿ ಎರಡು ಮೂರು ಸಲ ಹೇಳಿದ್ದಿರಬೇಕು. ಅವಳು ನಾಚಿಕೊಂಡು ಅಲ್ಲಾಡಿಲ್ಲ. ಜವರಯ್ಯ ಒಂದು ಕೈಯಲ್ಲಿ ದುಪ್ಪಟಿ ಬಿಡದೆ, ಮುಂದಕ್ಕೆ ಬಾಗಿ, ಇನ್ನೊಂದು ಕೈಯಿಂದ ಅವಳ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸುತ್ತಿದ್ದಾನೆ. ಮುಖ ನೇರ ಕ್ಯಾಮೆರಾದ ಕಡೆಗೆ, ಈಗ ಸರಿಯಾಯಿತೇ ಎಂದು ಕೇಳುವಂತೆ. ನಗುತ್ತಿದ್ದಾನೆ. ಅವಳು ಕ್ಯಾಮೆರಾ ಬಿಟ್ಟು ತಲೆಯೆತ್ತಿ ಅವನನ್ನು ನೋಡುತ್ತಿದ್ದಾಳೆ. ಅಷ್ಟರಲ್ಲಿ ರವಿಯ ಬೆರಳು ಗುಂಡಿ ಒತ್ತಿಬಿಟ್ಟಿದೆ.

ಸಣ್ಣಮ್ಮ ಅಳಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

"ನಾ ನೋಡ್ತಾ ಇವ್ನಿ ಕಣಕ್ಕ ಅವ್ರನ್ನ," ಎಂದಳು, ಬೇರೆ ಯಾರನ್ನೋ ನೋಡಿ ಹೇಳುವಂತೆ. ನಾನು ಎದ್ದು ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಪಕ್ಕದ ಮಳಿಗೆಯಿಂದ ಬಾಷಾ ಸಾಬರು ಅಳತೆ ಕೇಳಲು ಬಂದವರು ಕಂಪ್ಯೂಟರಿನ ಪರದೆ ನೋಡಿ ಅಲ್ಲೇ ನಿಂತರು.

"ಬಾಳ ಚೆನ್ನಾಗೈತಲ್ಲಮ್ಮ," ಎಂದರು ಸಾಬರು. "ಇಂಗೇ ದೊಡ್ಡದು ಮಾಡಿ. ಒಳ್ಳೆ ಕಟ್ಟು ಹಾಕ್ಕೊಡ್ತೀನಿ."

"ಬ್ಯಾಡಿ ಸಾಬ್ರೇ," ಎಂದಳು ಸಣ್ಣಮ್ಮ. "ನಾನಿನ್ನೂ ಬದುಕಿವ್ನಿ. ಇರೋರ್ ಪಟ್ಕೆ ಎಡೆ ಇಕ್ಕಬಾರ್ದು." ನನ್ನ ಕಡೆ ತಿರುಗಿ, "ಅಕ್ಕಾ, ನನ್ನ ತಗ್ದಾಕ್ಬುಡಿ," ಎಂದಳು.

ಎಷ್ಟೋ ಜನರನ್ನು ಎಷ್ಟೋ ಫೋಟೊಗಳಿಂದ ತೆಗೆದುಹಾಕಿದ್ದೇನೆ. ಜಗಳವಾಡಿದ ಷಡ್ಡಕರನ್ನು, ಮುರಿದ ಸಂಬಂಧದ ಹುಡುಗನನ್ನು. ಅವತ್ತು ಮಾತ್ರ ನನ್ನ ಕೈ ಏಳಲಿಲ್ಲ. ಅವನ ಕೈ ಅವಳ ತಲೆಯ ಮೇಲಿತ್ತು, ಅವಳನ್ನು ತೆಗೆದರೆ ಆ ಕೈಯೂ ಹೋಗುತ್ತಿತ್ತು. ಹಾಗೆಂದು ಹೇಳಿದೆ. "ಓಗ್ಲಿ, ಮಕ ಇದ್ರೆ ಸಾಕು" ಎಂದಳು. ಅದರದೊಂದು ನಕಲು ಮಾಡಿಕೊಂಡು, ನಕಲಿನಿಂದ ಅವಳನ್ನು ಬಿಡಿಸಿದೆ. ಅವನ ಮುಖ, ಭುಜ, ಹಿಂದೆ ನಮ್ಮ ಮನೆಯ ನೀಲಿ ದುಪ್ಪಟಿ ಉಳಿದವು. ಹಿಗ್ಗಿಸಿದರೂ ಒಡೆಯಲಿಲ್ಲ. ಕಣ್ಣಿನ ಪಕ್ಕದ ನೆರಿಗೆಯವರೆಗೂ ಸ್ಪಷ್ಟವಾಗಿತ್ತು. ಸಾಬರು ಅವತ್ತೇ ಕಟ್ಟು ಹಾಕಿ, ಹೂವಿನ ಹಾರಕ್ಕೆ ಮೇಲೆರಡು ಕೊಕ್ಕೆ ಹೊಡೆದು ತಂದರು. ಸಣ್ಣಮ್ಮ ಅದನ್ನು ಹೊಸ ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು.

ಇಬ್ಬರೂ ಇರುವ ಫೋಟೊದ್ದೊಂದು ಪ್ರಿಂಟ್ ತೆಗೆದು, ಇದನ್ನೂ ಇಟ್ಟುಕೋ, ಪೆಟ್ಟಿಗೆಯಲ್ಲಿ ಇರಲಿ ಎಂದು ಕೊಡಲು ಹೋದೆ. ಅವಳು ಅದನ್ನು ತೆಗೆದುಕೊಂಡು ನೋಡಿದಳು, ಅವನ ಕೈಯ ಮೇಲೆ ಬೆರಳಾಡಿಸಿದಳು, ತಿರುಗಿ ಮೇಜಿನ ಮೇಲಿಟ್ಟಳು.

"ಮನೇಲಿದ್ರೆ ದಿನಾ ಇದ್ನೇ ನೋಡ್ತಾ ಕುಂತ್ಕತೀನಿ ಕಣಕ್ಕ, ಮಕ್ಳಿಗೆ ಹಿಟ್ಟು ಬೇಯ್ಸೋರ್ಯಾರು? ಇದು ನಿಮ್ತಾವೇ ಇರ್ಲಿ. ನಾನೂ ಸತ್ತೋದ್ ಮ್ಯಾಲೆ ನನ್ ಮಗ ಬತ್ತಾನೆ. ಹೇಳಿರ್ತೀನಿ ಅವನ್ಗೆ. ಆಗ ಇಬ್ರುದ್ದೂ ಒಂದೇ ಕಟ್ಟು ಹಾಕ್ಸ್ಕೊಡಿ. ಕಳೀಬ್ಯಾಡಿ."

ಕಳೆಯುವುದಿಲ್ಲ ಎಂದೆ. ಅವಳು ಕೋಟೆಯ ಬಸ್ಸು ಹತ್ತಿ ಹೋದಳು.

ಸೀಡಿಗಳೂ ಸಾಯುತ್ತವೆ ಎಂದು ಆಮೇಲೆ ಗೊತ್ತಾಯಿತು. ಕೆಲವು ವರ್ಷಕ್ಕೆ ಅವುಗಳ ಬೆನ್ನು ಮಂಕಾಗಿ, ಕಂಪ್ಯೂಟರು ಗರಗರ ಎನ್ನುತ್ತಲೇ ಉಳಿಯುತ್ತದೆ. ಅದಕ್ಕೇ ಪ್ರತಿ ಪಿತೃಪಕ್ಷದಲ್ಲಿ ಆ ಊರಿನ ಹೆಪ್ಪನ್ನು ಹೊಸ ಸೀಡಿಗೆ ಇಳಿಸಿ, ತೆರೆದು, ಜವರಯ್ಯನ ಕೈ ಸಣ್ಣಮ್ಮನ ಸೆರಗಿನ ಮೇಲೆ ಇದೆಯೇ ನೋಡಿ, ಬೀರುವಿಗೆ ಹಾಕುತ್ತೇನೆ. ಈಗ ಒಂದು ಪೆನ್‌ಡ್ರೈವಿನಲ್ಲೂ ಇಟ್ಟಿದ್ದೇನೆ. ಹಳೆಯದನ್ನೂ ಎಸೆದಿಲ್ಲ. ತಂಗಿಯ ಗಿಳಿಗಳು ನನ್ನನ್ನು ಕ್ಷಮಿಸಬೇಕು.

ಸ್ಟುಡಿಯೊದ ಬಾಗಿಲಿಗೆ ಬಸ್‌ಸ್ಟ್ಯಾಂಡ್ ಕಾಣುತ್ತದೆ. ಕೋಟೆ ಕಡೆಯ ಬಸ್ಸಿನಿಂದ ಎತ್ತರದ ಹುಡುಗ ಯಾರಾದರೂ ಇಳಿದು ನಮ್ಮ ಅಂಗಡಿಯತ್ತ ನಡೆದುಬಂದರೆ ಸಣ್ಣಮ್ಮನ ಮಗನೇ ಇರಬಹುದೇ ಎಂದು ಕುರ್ಚಿ ಬಿಟ್ಟು ಏಳುತ್ತೇನೆ. ಹುಡುಗ ಮೆಟ್ಟಿಲು ಹತ್ತುತ್ತಾನೆ. ಕನ್ನಡಿ ನೋಡಿ ಕೂದಲು ಸರಿಮಾಡಿಕೊಳ್ಳುತ್ತಾನೆ. "ಅಕ್ಕಾ, ಪಾಸ್‌ಪೋರ್ಟ್ ಸೈಜು ಬೇಕಿತ್ತು," ಎನ್ನುತ್ತಾನೆ.

"ಕೂರಪ್ಪ," ಎನ್ನುತ್ತೇನೆ ನಾನು, "ಆರಾಮಾಗಿ ಕೂರು."